ಬಿಸಿಲಿಗಿಟ್ಟ ಮೇಲ್ಮನವಿ

ಸುಳ್ಳು ಬರೆದ ಶಾಯಿ ಬಿಸಿಲಿಗೆ ಹಾರಿಹೋಗುವ ಕಾಲ ಬಂದಮೇಲೆ, ಮೇಲ್ಮನವಿಗಳನ್ನು ಕೋರ್ಟಿನ ಜಗಲಿಯಲ್ಲಿ ಹಪ್ಪಳದಂತೆ ಒಣಹಾಕುವುದು ರೂಢಿಯಾಗಿತ್ತು. ಜಾಣ ವಕೀಲರು 'ಎಂದು ಕಕ್ಷಿದಾರರು ಹೇಳುತ್ತಾರೆ' ಅಂತ ಸೇರಿಸಿ ಶಾಯಿಯನ್ನೇ ಯಾಮಾರಿಸತೊಡಗಿದರು. ಹಾಗಾಗಿ ಈಗ ಅಪರಾಧಿಯೇ ಕೈಯಾರೆ ಬರೆಯಬೇಕು.

ಹಂಸವೇಣಿ ತನ್ನ ಅಮ್ಮನ ಜೊತೆ ಬೆಂಚಿನ ಮೇಲೆ ಕೂತಿದ್ದಳು. ಅವಳ ಮೇಲೆ ಅತ್ಯಾಚಾರ ಮಾಡಿದ ಹತ್ತೊಂಬತ್ತರ ಚರಣ, ತೀರ್ಪು ಮತ್ತು ಶಿಕ್ಷೆ ಎರಡರ ವಿರುದ್ಧವೂ ಜೈಲಿನಿಂದ ಕಳಿಸಿದ ಮೂರನೇ ಮನವಿ ಇದು. ಮೊದಲೆರಡೂ ಮಧ್ಯಾಹ್ನದೊಳಗೆ ಬಿಳಿಹಾಳೆಯಾಗಿದ್ದವು. ಅವನ ಪರವಾಗಿ ಒಂದೇ ಸಾಲು ಉಳಿದರೂ ಅವಳು ಮತ್ತೆ ಕಟಕಟೆ ಹತ್ತಬೇಕು.

ಹನ್ನೆರಡಕ್ಕೆ ಗುಮಾಸ್ತೆ ಮೆಹಬೂಬಿ ಹಾಳೆ ಎತ್ತಿ ನೋಡಿದರು.

"ಎರಡು ಸಾಲು ಉಳಿದಿದೆಯಮ್ಮಾ."

ಹಂಸವೇಣಿ ಎದ್ದು ನಿಂತಳು. "ಏನಂತೆ ಅವನದು?" ಅಂದಳು ಅಮ್ಮ.

"'ಅವಳು ಬೇಡ ಅಂದಿದ್ದಳು. ನಾನು ಕೇಳಲಿಲ್ಲ.'"

"ಅಳಿಸಿಹೋದದ್ದು ಎಷ್ಟೋ!" ಅಂದಳು ಅಮ್ಮ.

ಮೆಹಬೂಬಿ ಹಾಳೆಯ ಮೇಲೆ ಬೆರಳಾಡಿಸಿದರು. "ಶಾಯಿ ಹಾರಿದರೂ ನಿಬ್ಬಿನ ಗೀರು ಉಳಿಯುತ್ತೆ. ಇಲ್ಲಿ ಒಂದು ಗೀರೂ ಇಲ್ಲ. ಬರೆದಿದ್ದೇ ಇಷ್ಟು." ಮನವಿ ಮುಕ್ತಾಯವಾಯಿತೆಂದು ಠಸ್ಸೆ ಒತ್ತಿದರು.

"ಹಾಗಾದ್ರೆ ನಾನು ಇನ್ನು ಬರೋದು ಬೇಡ್ವಾ?"

"ಬೇಡ ಮಗಳೇ."

ಹಂಸವೇಣಿ ಬ್ಯಾಗು ಹೆಗಲಿಗೇರಿಸಿದಳು. "ಏಳಮ್ಮಾ, ಎರಡು ಗಂಟೆಗೆ ಕಾಲೇಜಲ್ಲಿ ಲ್ಯಾಬಿದೆ. ಬಸ್ಸು ಸಿಗುತ್ತೆ."