ಕಾಲು ಸೆಕೆಂಡು

ಇನ್ನೂರ ಹದಿನಾರನೇ ಸಲ ರಂಜಿತ ಪರೀಕ್ಷೆಗೆಂದು ರಟ್ಟಿನ ತುಂಡನ್ನು ಒಳಗೆ ಚಾಚಿದಾಗ, ಕೈ ಅಡ್ಡ ಬಂದರೆ ನಿಲ್ಲಬೇಕಾದ ಪ್ರೆಸ್ ಮೆಷಿನ್ ಕೂಡಲೇ ನಿಲ್ಲಲಿಲ್ಲ. ರಟ್ಟನ್ನು ಅಪ್ಪಚ್ಚಿ ಮಾಡಿ ನಿಂತಿತು. ಕಾಲು ಸೆಕೆಂಡು ತಡ. ಲ್ಯಾಪ್‌ಟಾಪಿನಲ್ಲಿ ಕಾರಣ ಕಾಣುತ್ತಿತ್ತು: ಎಣ್ಣೆಯ ಬಿಸಿಯನ್ನು ದಾಖಲಿಸುವ ಕೆಲಸ ಮುಗಿಯಲೆಂದು, ಮೆಷಿನ್ ನಿಲ್ಲಿಸುವ ಕೆಲಸ ಕಾದಿತ್ತು. ಹಾಗೆ ಕಾಯುವಂತೆ ಪ್ರೋಗ್ರಾಮ್ ಬರೆದವಳು ಅವಳೇ.

ಮಾಲೂರಿನ ಈ ಕಾರ್ಖಾನೆಯಲ್ಲಿ ಹದಿನೆಂಟು ದಿನಗಳ ಹಿಂದೆ ಇದೇ ಮೆಷಿನ್ನಿಗೆ ಸಿಕ್ಕಿ ಎರಡು ಬೆರಳು ಕಳೆದುಕೊಂಡಿದ್ದ ಇಶ್ರತ್ ಈಗ ಪಕ್ಕದಲ್ಲಿದ್ದಳು. ಅಂದು ನಡೆದದ್ದನ್ನು ತೋರಿಸಲು ಅವಳನ್ನು ಕರೆಸಿದ್ದರು.

"ನಾನೇ ಬೇಗ ಕೈ ತೆಗೀಬೇಕಿತ್ತು ಅಂತಾರೆ ಎಲ್ರೂ. ಹೌದಾ ಮೇಡಂ?"

"ಇಲ್ಲಕ್ಕಾ, ನಿಮ್ದೇನೂ ತಪ್ಪಿಲ್ಲ. ಮೆಷಿನ್ನೇ ತಡವಾಗಿ ನಿಂತಿದ್ದು. ಅದರ ಪ್ರೋಗ್ರಾಮ್ ಬರೆದೋಳು ನಾನು."

ಬೈಗುಳ ಬರುತ್ತದೆಂದು ರಂಜಿತ ತಲೆ ತಗ್ಗಿಸಿದಳು. ಇಶ್ರತ್ ಬೈಯಲಿಲ್ಲ. ಬ್ಯಾಂಡೇಜು ಸುತ್ತಿದ ಕೈಯಿಂದ ಶೆಡ್ಡಿನ ಆಚೆ ತುದಿಯತ್ತ ತೋರಿಸಿದಳು. ಅಲ್ಲಿ ನಾಲ್ಕು ಪ್ರೆಸ್‌ಗಳು ದಡದಡ ಸದ್ದು ಮಾಡುತ್ತಿದ್ದವು. ನಾಲ್ವರು ಹೆಂಗಸರು ಒಂದೊಂದೇ ತಗಡನ್ನು ಅವುಗಳ ಬಾಯಿಗಿಟ್ಟು ಕೈ ತೆಗೆಯುತ್ತಿದ್ದರು.

"ಅವಕ್ಕೂ ಇದೇ ಪ್ರೋಗ್ರಾಮಾ ಮೇಡಂ?"

ಈ ಹದಿನೆಂಟು ದಿನ ಒಮ್ಮೆಯೂ ರಂಜಿತ ಆ ಕಡೆ ನೋಡಿರಲಿಲ್ಲ. ಓಡಿಹೋಗಿ, ಎರಡೂ ಕೈಯಿಂದ ಶೆಡ್ಡಿನ ಮೇನ್ ಸ್ವಿಚ್ಚನ್ನು ಕೆಳಗೆಳೆದಳು.