ಪಾಲಾಗದ ಮೋಡ

ನಮ್ಮೂರಲ್ಲಿ ಮನೆಗೊಂದೇ ಮೋಡ. ಅದು ಮಾಳಿಗೆಯ ಮೇಲೆಯೇ ನಿಂತು ದಿನವೂ ಸಂಜೆ ಸುರಿಯುತ್ತದೆ. ಮಾಳಿಗೆ ನೀರು ಕೆಳಗಿಳಿಯುವ ಅಂಚಿನ ಹರನಾಳದಲ್ಲಿ ಕಸ ಕಟ್ಟಿ ನೀರು ಕೊಳೆತರೆ ಮೋಡ ಎದ್ದು ಹೋಗುತ್ತದೆ. ಹೋದದ್ದು ಮತ್ತೆ ಆ ಮನೆಗೆ ಬರುವುದಿಲ್ಲ. ಅದಕ್ಕೇ ಎಲ್ಲರೂ ಬೆಳಗಾದೊಡನೆ ಕಸಬರಿಗೆ ಹಿಡಿದು ಮಾಳಿಗೆ ಹತ್ತುತ್ತಾರೆ.

ಮಡಿವಾಳಪ್ಪ ಮತ್ತು ಅವನ ತಮ್ಮ ಚನ್ನಮಲ್ಲ ಬೇರೆಯಾದಾಗ ಮಾಳಿಗೆಯ ನಡುವೆ ಮೋಟುಗೋಡೆ ಎದ್ದಿತು. ಹರನಾಳಗಳೂ ಪಾಲಾದವು. ಮೋಡ ಮಾತ್ರ ಪಾಲಾಗಲಿಲ್ಲ.

ಇಂದು ಮಡಿವಾಳಪ್ಪನ ಹೆಂಡತಿ ನೀಲವ್ವ ಮೇಲೆ ಹತ್ತಿದಾಗ ಮೈದುನನ ಹರನಾಳದಲ್ಲಿ ಬೇವಿನೆಲೆ ಕೊಳೆತು ನಾರುತ್ತಿತ್ತು. ಮೋಡ ಆಗಲೇ ಗೋಡೆಯಿಂದ ಮೊಳದಷ್ಟು ಮೇಲೆದ್ದಿತ್ತು. ಅವಳು ಗೋಡೆ ದಾಟಲು ಕಾಲೆತ್ತಿದಳು.

"ಏ, ದಾಟಬ್ಯಾಡ!" ಹಿಂದೆಯೇ ಹತ್ತಿ ಬಂದ ಗಂಡ ಅವಳ ರಟ್ಟೆ ಹಿಡಿದ. "ಅವನ ಪಾಲಿನ ಕಸ ತಗಿಯಾಕ ನಾವೇನ್ ಅವನ ಆಳಾ?"

"ಮೋಡ ಹೊಂಟೈತ್ರೀ! ನಾಳೆ ಏನ್ ಕುಡೀತೀರಿ?"

ಕೆಳಗೆ ತನ್ನ ಅಂಗಳದಲ್ಲಿ ಕುಳಿತಿದ್ದ ಚನ್ನಮಲ್ಲ ನಕ್ಕ. "ಹೋಗ್ಲಿ ಬಿಡ್ರೀ ವೈನಿ. ನನಗ ಇಲ್ದಿದ್ರೂ ಚಿಂತಿಲ್ಲ, ಅವಗ ಸಿಗಬಾರ್ದು."

ನೀಲವ್ವ ಕೈ ಕೊಸರಿಕೊಳ್ಳುವಷ್ಟರಲ್ಲಿ ಮೋಡ ಬೇವಿನ ಮರದ ತುದಿ ದಾಟಿತ್ತು. ಅದು ಊರಾಚೆ ಚುಕ್ಕಿಯಾಗುವವರೆಗೂ ಮೂವರೂ ನೋಡಿದರು.

ಸಂಜೆ ರೂಢಿಯಂತೆ ಅವಳು ತನ್ನ ಹರನಾಳದ ಕೆಳಗೆ ಕೊಡ ಇಟ್ಟಳು. ಆಮೇಲೆ ನೆನಪಾಗಿ ಖಾಲಿ ಕೊಡವನ್ನು ಮತ್ತೆ ಎತ್ತಿಕೊಂಡಳು.

ಮಡಿವಾಳಪ್ಪ ಅಂಗಳದ ನಡುವಿನ ಗೋಡೆಯ ಮೇಲಿಂದ ತಮ್ಮನ ಕಡೆಗೆ ಇಣುಕಿದ. ಅಣ್ಣತಮ್ಮಂದಿರು ಬೇರೆಯಾದ ಮೇಲೆ ಗಂಡನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಅವಳು ಕಂಡಿರಲಿಲ್ಲ.

"ನೋಡ ಬಾ," ಎಂದ. "ಅವನ ಕೊಡಾನೂ ಖಾಲಿ."