ಹಸಿರು ದಾರ

“ಎಂಟು ಡಯಾಲಿಸಿಸ್ಸಿಗೆ ಎಂಟು ಹೊಸ ಫಿಲ್ಟರ್. ಬಿಲ್ಲಿನ್ಯಾಗ ಹಂಗ ಐತಿ. ಮೊದಲ ರೊಕ್ಕ ತುಂಬ್ರಿ,” ಎಂದ ರಾಣೆಬೆನ್ನೂರಿನ ಆ ಖಾಸಗಿ ಆಸ್ಪತ್ರೆಯ ಗುಮಾಸ್ತ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. ಗುಲಾಬಬಿ ರೊಕ್ಕ ತೆಗೆಯಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ ಗೇಣುದ್ದದ ಕೊಳವೆಯನ್ನು ಅವನ ಕೀಬೋರ್ಡಿನ ಮೇಲೇ ಇಟ್ಟಳು. ಗಂಡ ಶಾಬುದ್ದೀನನ ರಕ್ತ ಸೋಸಿ ಸೋಸಿ, ಇವತ್ತಷ್ಟೇ ಕಸದ ಬುಟ್ಟಿಗೆ ಬಿದ್ದಿದ್ದ ಫಿಲ್ಟರ್. ಅದರ ಕೊರಳಿಗೆ ಹಸಿರು ದಾರ.

ಬ್ಯಾಡಗಿಯಲ್ಲಿ ಅವಳ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ತಂತಮ್ಮ ಬುಟ್ಟಿಗೆ ಒಂದೊಂದು ಬಣ್ಣದ ದಾರ ಕಟ್ಟುತ್ತಾರೆ. ಒಬ್ಬಳ ದುಡಿಮೆ ಇನ್ನೊಬ್ಬಳ ಲೆಕ್ಕಕ್ಕೆ ಹೋಗಬಾರದಲ್ಲ! ಓದು ಬಾರದ ಗುಲಾಬಬಿ, ಗಂಡನ ಫಿಲ್ಟರ್ ಬೇರೆಯವರದರ ಜೊತೆ ಬೆರೆಯದಿರಲೆಂದು ಮೊದಲ ದಿನವೇ ಅದಕ್ಕೂ ತನ್ನ ದಾರ ಕಟ್ಟಿದ್ದಳು. ಪ್ರತಿ ಸಲ ತೊಳೆದು ತಂದಾಗಲೂ ಆ ಗಂಟು ನೋಡಿದ ಮೇಲೆಯೇ ಅವಳಿಗೆ ಸಮಾಧಾನ.

“ಎಂಟೂ ಸಲ ಇದೊಂದನ್ನ ತೊಳದ ತೊಳದ ಹಾಕೀರಿ. ನಾ ದಾರ ಕಟ್ಟಿದ್ದು ಒಂದಕ್ಕ. ಉಳಿದ ಏಳು ಎಲ್ಲಿ ಅದಾವ, ತೋರಸ್ರಿ.”

“ಕಂಪ್ಯೂಟರ್ ಸುಳ್ಳು ಹೇಳತೈತೇನವಾ?”

“ಅದಕ್ಕೇನ ಗೊತ್ತು, ಪಾಪ! ಅದಕ್ಕ ಹೇಳಿಕೊಟ್ಟವ್ರನ್ನ ಕರೀರಿ. ಒಂದರ ರೊಕ್ಕ ಕೊಡ್ತೀನಿ. ಏಳರದು ಕೊಡೂದಿಲ್ಲ.”

ಗುಮಾಸ್ತ ಫಿಲ್ಟರ್ ಎತ್ತಿಕೊಳ್ಳಲು ಕೈಚಾಚಿದ. ಗುಲಾಬಬಿ ಅದರ ಮೇಲೆ ಅಂಗೈ ಊರಿದಳು. ಹೆಂಡತಿಯನ್ನು ಡಯಾಲಿಸಿಸ್ಸಿಗೆ ಕರೆತಂದು ಸಾಲಿನಲ್ಲಿ ಹಿಂದೆಯೇ ನಿಂತಿದ್ದ ಕುಪ್ಪೇಲೂರಿನ ಅಜ್ಜಪ್ಪ, ಕೈಯಲ್ಲಿ ಹಿಡಿದಿದ್ದ ನೋಟುಗಳನ್ನು ಮತ್ತೆ ಒಳಜೇಬಿಗೆ ತುರುಕಿದ.

“ಯವ್ವಾ,” ಎಂದ, “ಆ ದಾರ ನನಗೂ ಒಂದು ಗೇಣು ಕೊಡವಾ.”